ಬೇರಿಂಗಿನ ಹೊರೆ ಇಳಿಸಿದ ಗುಸ್ತಾಫ್ ಡಿ ಲಾವಲ್

ಬಳ್ಳಾರಿ: ಮುಂಗಾರಿನ ಭತ್ತ ಕಣಕ್ಕೆ ಬಂದಿತೆಂದರೆ ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಬಿಡುವೆಂಬುದೇ ಇಲ್ಲ. ತುಂಗಭದ್ರೆಯ ನೀರುಂಡ ಗದ್ದೆಗಳಿಂದ ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದಿಳಿಯುವ ಭತ್ತದ ರಾಶಿಯ ಪಕ್ಕದಲ್ಲೇ ಹೊಟ್ಟು ಹಾರಿಸುವ ಬ್ಲೋವರ್ ಫ್ಯಾನುಗಳು ಹಗಲಿರುಳೆನ್ನದೆ ತಿರುಗುತ್ತವೆ. ಅವುಗಳಲ್ಲಿ ಯಾವುದೋ ಒಂದು ಇದ್ದಕ್ಕಿದ್ದಂತೆ ನಡುಗತೊಡಗುತ್ತದೆ. ನೆಲಕ್ಕೆ ಬಿಗಿದ ಬೋಲ್ಟುಗಳು ಸಡಿಲಗೊಳ್ಳುತ್ತವೆ. ಬೇರಿಂಗು ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಮಿಸ್ತ್ರಿ ಬಂದು ಹೊಸ ಬೇರಿಂಗ್ ಕೂರಿಸಿ ಹೋಗುತ್ತಾನೆ. ಕೆಲವೇ ದಿನಗಳಲ್ಲಿ ಅದೂ ಹಾಳಾಗುತ್ತದೆ.

ತಪ್ಪು ಬೇರಿಂಗಿನದಲ್ಲ. ಹೊಟ್ಟಿನ ಧೂಳು ಫ್ಯಾನಿನ ಒಂದು ರೆಕ್ಕೆಯ ಮೇಲೆ ಹೆಚ್ಚಾಗಿ ಕಟ್ಟಿಕೊಂಡಿರುತ್ತದೆ, ಇಲ್ಲವೇ ಇನ್ನೊಂದು ರೆಕ್ಕೆ ಸವೆದು ಹಗುರವಾಗಿರುತ್ತದೆ. ಆಗ ಫ್ಯಾನಿನ ತೂಕದ ಕೇಂದ್ರವು ಶಾಫ್ಟಿನ ನಟ್ಟನಡುವೆ ಇರದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಅಷ್ಟು ಸಾಕು.

ಲೆಕ್ಕ ಸರಳವಾಗಿದೆ. ಶಾಫ್ಟಿನ ಅಕ್ಷದಿಂದ 20 ಸೆಂಟಿಮೀಟರ್ ದೂರದಲ್ಲಿ ಕೇವಲ 10 ಗ್ರಾಂ ತೂಕ ಹೆಚ್ಚಾಗಿ ಅಂಟಿಕೊಂಡಿದೆ ಎಂದಿಟ್ಟುಕೊಳ್ಳಬಹುದು. ನಿಂತ ಯಂತ್ರದಲ್ಲಿ ಅದು ಗಣನೆಗೇ ಬಾರದ ಭಾರ. ಶಾಫ್ಟ್ ನಿಮಿಷಕ್ಕೆ 1500 ಸುತ್ತು ತಿರುಗಿದಾಗ ಆ 10 ಗ್ರಾಂ ಸುಮಾರು 5 ಕಿಲೋ ತೂಕದಷ್ಟು ಬಲದಿಂದ ಶಾಫ್ಟನ್ನು ಹೊರಕ್ಕೆಳೆಯುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. 3000 ಸುತ್ತಿನಲ್ಲಿ ಅದು 20 ಕಿಲೋ. ವೇಗವು 30 ಸಾವಿರ ಸುತ್ತಿಗೇರಿದರೆ ಅದೇ 10 ಗ್ರಾಂ ಎರಡು ಟನ್ನುಗಳ ಎಳೆತವಾಗುತ್ತದೆ. ಈ ಎಳೆತ ಒಂದೇ ದಿಕ್ಕಿನದೂ ಅಲ್ಲ. ಶಾಫ್ಟಿನೊಡನೆಯೇ ಸುತ್ತುತ್ತಾ ಬೇರಿಂಗನ್ನು ಮೇಲಕ್ಕೆ, ಪಕ್ಕಕ್ಕೆ, ಕೆಳಕ್ಕೆ ಸೆಕೆಂಡಿಗೆ 25, 50 ಅಥವಾ 500 ಬಾರಿ ಒದೆಯುತ್ತದೆ. ಸ್ಥಿರವಾದ ಭಾರವನ್ನು ವರ್ಷಗಟ್ಟಲೆ ಹೊರಬಲ್ಲ ಬೇರಿಂಗು ಈ ಒದೆತಕ್ಕೆ ಬೇಗ ಸೋಲುತ್ತದೆ.

ನಿಮಿಷಕ್ಕೆ 30 ಸಾವಿರ ಸುತ್ತು ಎಂಬ ಸಂಖ್ಯೆ ಲೆಕ್ಕಕ್ಕೆಂದು ಕಲ್ಪಿಸಿದ್ದಲ್ಲ. ಸುಮಾರು 135 ವರ್ಷಗಳ ಹಿಂದೆ, ವಿದ್ಯುದ್ದೀಪಗಳು ಜಗತ್ತಿಗೆ ಇನ್ನೂ ಹೊಸತಾಗಿದ್ದ ಕಾಲದಲ್ಲಿ, ಸ್ವೀಡನ್ ದೇಶದ ಇಂಜಿನಿಯರ್ ಒಬ್ಬರು ಅಂತಹ ವೇಗದಲ್ಲಿ ಉಗಿ ಚಕ್ರವನ್ನು ತಿರುಗಿಸಿದರು. ಬೇರಿಂಗ್ ಪುಡಿಯಾಗದಂತೆ ತಿರುಗಿಸಿದರು ಎಂಬುದೇ ವಿಶೇಷ. ಅವರೇ ಕಾರ್ಲ್ ಗುಸ್ತಾಫ್ ಪ್ಯಾಟ್ರಿಕ್ ಡಿ ಲಾವಲ್. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದ ಜನಕರೆಂದು ಅವರನ್ನು ಜಗತ್ತು ಬಲ್ಲದು. ಶಾಫ್ಟಿನ ವಿಷಯದಲ್ಲಿ ಅವರು ಮಾಡಿದ ಕೆಲಸ ಅದಕ್ಕಿಂತ ಕಿರಿದಲ್ಲ. ಜನಸಾಮಾನ್ಯರಿಗೆ ತಿಳಿದಿರುವುದು ಮಾತ್ರ ಕಡಿಮೆ.

ಗಣಿಯ ನಾಡಿನ ಹುಡುಗ

ಲಾವಲ್ ಜನಿಸಿದ್ದು 1845ರ ಮೇ 9ರಂದು, ಸ್ವೀಡನ್ನಿನ ಡಾಲರ್ನಾ ಪ್ರಾಂತದ ಒರ್ಸಾ ಎಂಬಲ್ಲಿ. ಮನೆತನದ ಮೂಲ ಫ್ರಾನ್ಸ್; ಹಿರಿಯರು 17ನೇ ಶತಮಾನದಲ್ಲೇ ಸ್ವೀಡನ್ನಿಗೆ ಬಂದು ನೆಲೆಸಿದ್ದರು. ಡಾಲರ್ನಾ ಕಾಡು, ಕಬ್ಬಿಣ ಮತ್ತು ತಾಮ್ರದ ಸೀಮೆ. ಅಲ್ಲಿನ ಫಾಲೂನ್ ತಾಮ್ರದ ಗಣಿ ಶತಮಾನಗಳ ಕಾಲ ಯುರೋಪಿಗೆಲ್ಲ ತಾಮ್ರ ಒದಗಿಸಿದ್ದು. ಬಳ್ಳಾರಿ, ಸಂಡೂರಿನ ಜನರಿಗೆ ಇಂತಹ ನಾಡಿನ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಿಯಿರುವೆಡೆ ಯಂತ್ರವಿರುತ್ತದೆ, ಯಂತ್ರವಿರುವೆಡೆ ಅದನ್ನು ಬಿಚ್ಚಿ ನೋಡುವ ಹುಡುಗರಿರುತ್ತಾರೆ.

1863ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ಶಿಕ್ಷಣ ಸಂಸ್ಥೆಯನ್ನು ಸೇರಿದ ಲಾವಲ್ 1866ರಲ್ಲಿ ಇಂಜಿನಿಯರಿಂಗ್ ಪೂರೈಸಿದರು. ಕೆಲಕಾಲ ಫಾಲೂನಿನ ಗಣಿ ಕಂಪನಿಯಲ್ಲಿ ದುಡಿದರು. ಅಷ್ಟಕ್ಕೆ ತೃಪ್ತರಾಗದೆ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಸೇರಿ 1872ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಯಂತ್ರಶಾಸ್ತ್ರ ಮತ್ತು ರಸಾಯನಶಾಸ್ತ್ರಗಳೆರಡನ್ನೂ ಆಳವಾಗಿ ಓದಿದವರು ಅಂದಿನ ಕಾರ್ಖಾನೆಗಳಲ್ಲಿ ವಿರಳ. ಮುಂದೆ ಅವರು ಕ್ಲೋಸ್ಟರ್ ಎಂಬಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಇಂಜಿನಿಯರ್ ಆದರು.

ಕೆನೆಯಿಂದ ಹುಟ್ಟಿದ ವೇಗ

1870ರ ದಶಕದಲ್ಲಿ ಯುರೋಪಿನ ಹಾಲು ಉದ್ಯಮಕ್ಕಿದ್ದ ದೊಡ್ಡ ತೊಡಕೆಂದರೆ ಕಾಯುವುದು. ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ಹೊತ್ತುಗಟ್ಟಲೆ ಇಟ್ಟು, ಕೆನೆ ತಾನಾಗಿ ಮೇಲೆ ಬರುವವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಹಾಲು ಹುಳಿಯಾಗುವುದೂ ಉಂಟು. ಜರ್ಮನಿಯ ವಿಲ್ಹೆಲ್ಮ್ ಲೆಫೆಲ್ಟ್ ಎಂಬುವರು ಹಾಲನ್ನು ಪಾತ್ರೆಯಲ್ಲಿ ತುಂಬಿ ವೇಗವಾಗಿ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ್ದರು. ಆದರೆ ಪ್ರತಿ ಬಾರಿಯೂ ಯಂತ್ರವನ್ನು ನಿಲ್ಲಿಸಿ ಕೆನೆ ತೆಗೆದು, ಹೊಸ ಹಾಲು ತುಂಬಿ ಮತ್ತೆ ಓಡಿಸಬೇಕಾಗಿತ್ತು.

ಅದರ ವಿವರಣೆಯನ್ನು ಪತ್ರಿಕೆಯಲ್ಲಿ ಓದಿದ ಲಾವಲ್‌ಗೆ ಒಂದು ಸಂಗತಿ ಹೊಳೆಯಿತು. ತಿರುಗುವ ಪಾತ್ರೆಯೊಳಗೆ ಹಾಲು ಸತತವಾಗಿ ಹರಿದು ಬರಲಿ. ಭಾರವಾದ ಕೆನೆರಹಿತ ಹಾಲು ಅಂಚಿನತ್ತ ಸರಿದು ಒಂದು ದಾರಿಯಲ್ಲಿ, ಹಗುರವಾದ ಕೆನೆ ನಡುವಿನಲ್ಲಿ ಕೂಡಿ ಇನ್ನೊಂದು ದಾರಿಯಲ್ಲಿ ಹೊರಬೀಳಲಿ. ನಿಲ್ಲಿಸುವ ಗೊಡವೆಯೇ ಬೇಡ. 1878ರಲ್ಲಿ ಈ ಸೆಪರೇಟರ್ ಸಿದ್ಧವಾಯಿತು. ಮೊದಲ ಯಂತ್ರಗಳು ಗಂಟೆಗೆ ಸುಮಾರು 130 ಲೀಟರ್ ಹಾಲನ್ನು ಬೇರ್ಪಡಿಸುತ್ತಿದ್ದವು. ವ್ಯಾಪಾರದ ಹೊಣೆ ಹೊತ್ತವರು ಆಸ್ಕರ್ ಲಾಮ್. ಇಬ್ಬರೂ ಸೇರಿ 1883ರಲ್ಲಿ ಎಬಿ ಸೆಪರೇಟರ್ ಕಂಪನಿಯನ್ನು ಹುಟ್ಟುಹಾಕಿದರು. ಅದೇ ಕಂಪನಿ 1963ರಲ್ಲಿ ಆಲ್ಫಾ ಲಾವಲ್ ಎಂಬ ಹೆಸರು ತಳೆಯಿತು. ಪುಣೆಯಲ್ಲೂ ಕಾರ್ಖಾನೆಯಿರುವ ಈ ಕಂಪನಿಯ ಹೆಸರು ಭಾರತದ ಡೈರಿ ನೌಕರರಿಗೆ ಚಿರಪರಿಚಿತ.

ಕೆನೆ ಬೇರ್ಪಡಬೇಕಾದರೆ ಬೇಕಾದದ್ದು ವೇಗ. ಸೆಪರೇಟರಿನ ಪಾತ್ರೆ ನಿಮಿಷಕ್ಕೆ 6 ಸಾವಿರ ಸುತ್ತು ತಿರುಗಿದರೆ, ಅಕ್ಷದಿಂದ 10 ಸೆಂಟಿಮೀಟರ್ ದೂರದಲ್ಲಿರುವ ಹಾಲಿನ ಹನಿಯ ಮೇಲೆ ಭೂಮಿಯ ಗುರುತ್ವಕ್ಕಿಂತ ಸುಮಾರು 4 ಸಾವಿರ ಪಟ್ಟು ಹೆಚ್ಚಿನ ಸೆಳೆತವಿರುತ್ತದೆ. ಹೊತ್ತುಗಟ್ಟಲೆ ಕಾಯಬೇಕಿದ್ದ ಕೆಲಸ ಕ್ಷಣಗಳಲ್ಲಿ ಮುಗಿಯುವುದು ಇದರಿಂದಲೇ. ಅಂದಿನ ಉಗಿ ಎಂಜಿನ್ನುಗಳಾದರೋ ನಿಮಿಷಕ್ಕೆ ಕೆಲವು ನೂರು ಸುತ್ತಿಗಿಂತ ಹೆಚ್ಚು ಓಡುತ್ತಿರಲಿಲ್ಲ. ಬೆಲ್ಟು, ಪುಲ್ಲಿ, ಹಲ್ಲುಚಕ್ರಗಳ ಸರಪಣಿಯಿಂದ ವೇಗವನ್ನು ಏರಿಸಬೇಕಾಗಿತ್ತು. ಬೆಲ್ಟು ಜಾರುತ್ತಿತ್ತು, ಚಕ್ರ ಸವೆಯುತ್ತಿತ್ತು. ಉಗಿಯೇ ನೇರವಾಗಿ ಸೆಪರೇಟರನ್ನು ತಿರುಗಿಸಿದರೆ ಹೇಗೆ ಎಂಬ ಯೋಚನೆ ಲಾವಲ್‌ರನ್ನು ಟರ್ಬೈನಿನ ಬಳಿಗೆ ಕರೆದೊಯ್ದಿತು. ಬೆಣ್ಣೆಗಾಗಿ ಹೊರಟವರು ವಿದ್ಯುತ್ ಸ್ಥಾವರಗಳ ಚರಿತ್ರೆಯೊಳಗೆ ಬಂದು ನಿಂತದ್ದು ಹೀಗೆ.

1883ರಲ್ಲಿ ಅವರು ಪೇಟೆಂಟ್ ಪಡೆದ ಮೊದಲ ಟರ್ಬೈನ್ ಬಹಳ ಸರಳ. ತೋಟಕ್ಕೆ ನೀರು ಚಿಮುಕಿಸುವ ಸ್ಪ್ರಿಂಕ್ಲರಿನಂತೆ, ಬಾಗಿದ ಎರಡು ಕೊಳವೆಗಳ ತುದಿಯಿಂದ ಉಗಿ ಚಿಮ್ಮಿ ಕೊಳವೆಗಳನ್ನೇ ತಿರುಗಿಸುತ್ತಿತ್ತು. ಅದು ಉಗಿಯನ್ನು ನುಂಗಿದಷ್ಟು ಕೆಲಸ ಮಾಡಲಿಲ್ಲ. ಲಾವಲ್ ದಾರಿ ಬದಲಿಸಿದರು. ಉಗಿಯನ್ನು ನಳಿಕೆಯಿಂದ ಚಿಮ್ಮಿಸಿ, ಅಂಚಿನಲ್ಲಿ ಬ್ಲೇಡುಗಳಿರುವ ಚಕ್ರಕ್ಕೆ ಬಡಿಯುವಂತೆ ಮಾಡಿದರು. ನಳಿಕೆ ಕಿರಿದಾಗುತ್ತಾ ಹೋದಷ್ಟೂ ಉಗಿಯ ವೇಗ ಹೆಚ್ಚುವುದೆಂಬುದು ಅಲ್ಲಿಯವರೆಗಿನ ತಿಳಿವಳಿಕೆ. ಆದರೆ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಕಿರಿದಾದ ನಳಿಕೆ ಪ್ರಯೋಜನಕ್ಕೆ ಬಾರದು. ಅಲ್ಲಿಂದ ಮುಂದೆ ಅದು ಅಗಲವಾಗಬೇಕು. ಮೊದಲು ಕಿರಿದಾಗಿ ನಂತರ ಅಗಲವಾಗುವ ಈ ನಳಿಕೆಯನ್ನು 1880ರ ದಶಕದ ಕೊನೆಯಲ್ಲಿ ಲಾವಲ್ ರೂಪಿಸಿದರು. ಇಂದು ಶ್ರೀಹರಿಕೋಟಾದಿಂದ ಮೇಲೇರುವ ಪ್ರತಿಯೊಂದು ರಾಕೆಟ್ಟಿನ ಬಾಲದಲ್ಲಿರುವುದೂ ಇದೇ ಆಕಾರ, ಅದಕ್ಕೆ ಇಂದಿಗೂ ಲಾವಲ್ ನಳಿಕೆಯೆಂದೇ ಹೆಸರು.

ಈ ನಳಿಕೆಯಿಂದ ಉಗಿ ಸೆಕೆಂಡಿಗೆ ಸಾವಿರ ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಬಂತು. ಉಗಿಯ ಶಕ್ತಿಯನ್ನು ಚೆನ್ನಾಗಿ ಹೀರಬೇಕಾದರೆ ಚಕ್ರದ ಅಂಚು ಅದರ ಸುಮಾರು ಅರ್ಧ ವೇಗದಲ್ಲಾದರೂ ಓಡಬೇಕು. ಅಂಗೈಯಗಲದ ಚಕ್ರಕ್ಕೆ ಅಷ್ಟು ವೇಗ ಕೈಗೂಡದಿದ್ದರೂ ಅದರತ್ತ ಸಾಗಲು ನಿಮಿಷಕ್ಕೆ 30 ಸಾವಿರ ಸುತ್ತು ಬೇಕಾಯಿತು. ನಿಜವಾದ ಸಂಕಟ ಆರಂಭವಾದದ್ದೇ ಇಲ್ಲಿ.

ದಪ್ಪ ಶಾಫ್ಟ್ ಸೋತ ಬಗೆ

ಎಷ್ಟೇ ನುರಿತ ಕುಶಲಕರ್ಮಿ ತಯಾರಿಸಿದರೂ ಚಕ್ರದ ತೂಕದ ಕೇಂದ್ರ ಅಕ್ಷದ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ. ಲೋಹದೊಳಗೆ ಒಂದು ಕಡೆ ಸಾಂದ್ರತೆ ಹೆಚ್ಚು, ಕೊರೆದ ತೂತು ಎಳ್ಳಷ್ಟು ಓರೆ, ಒಂದು ಬ್ಲೇಡ್ ಇನ್ನೊಂದಕ್ಕಿಂತ ಭಾರ. ನಿಧಾನವಾಗಿ ಓಡುವ ಯಂತ್ರದಲ್ಲಿ ಇದು ಕಾಣುವುದಿಲ್ಲ. 30 ಸಾವಿರ ಸುತ್ತಿನಲ್ಲಿ ಅಡಗಿಸಿಡಲು ಸಾಧ್ಯವೇ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಶಾಫ್ಟಿನ ಒಂದು ತುದಿಯಲ್ಲಿ ಮೇಲ್ಬದಿಗೆ, ಇನ್ನೊಂದು ತುದಿಯಲ್ಲಿ ಕೆಳಬದಿಗೆ ಸಮನಾದ ಹೆಚ್ಚುವರಿ ತೂಕಗಳಿದ್ದರೆ ನಿಂತಾಗ ಅವು ಒಂದನ್ನೊಂದು ಸರಿದೂಗಿಸುತ್ತವೆ. ಎರಡು ಹಳಿಗಳ ಮೇಲಿಟ್ಟು ಉರುಳಿಸಿ ನೋಡಿದರೆ ಶಾಫ್ಟ್ ಎಲ್ಲಿ ಬೇಕಾದರೂ ನಿಲ್ಲುತ್ತದೆ, ದೋಷವಿಲ್ಲವೆಂದೇ ತೋರುತ್ತದೆ. ತಿರುಗಿದಾಗ ಮಾತ್ರ ಒಂದು ತುದಿ ಮೇಲಕ್ಕೂ ಇನ್ನೊಂದು ತುದಿ ಕೆಳಕ್ಕೂ ಸೆಳೆಯಲ್ಪಟ್ಟು ಎರಡೂ ಬೇರಿಂಗುಗಳು ವಿರುದ್ಧ ದಿಕ್ಕಿನಲ್ಲಿ ಒದೆತ ತಿನ್ನುತ್ತವೆ. ಓಡಿಸಿದ ಹೊರತು ಹೊರಬೀಳದ ದೋಷವಿದು. ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ ಸರಿಯಿದೆ ಎನ್ನುವ ಮಿಸ್ತ್ರಿ ಎಡವುವುದೂ ಇಲ್ಲಿಯೇ.

ಇಂಜಿನಿಯರುಗಳ ಸಹಜ ಉತ್ತರವೆಂದರೆ ಶಾಫ್ಟನ್ನು ದಪ್ಪ ಮಾಡುವುದು, ಬೇರಿಂಗನ್ನು ಬಿಗಿಗೊಳಿಸುವುದು. ಲಾವಲ್ ಕೂಡ ಮೊದಲು ಹಿಡಿದದ್ದು ಅದೇ ದಾರಿಯನ್ನು. ಆದರೆ ಬಿಗಿಯಾದ ದಪ್ಪ ಶಾಫ್ಟು ಚಕ್ರವನ್ನು ಅದರ ತೂಕದ ಕೇಂದ್ರದ ಸುತ್ತ ತಿರುಗಲು ಬಿಡದೆ, ತನ್ನ ನಡುರೇಖೆಯ ಸುತ್ತ ತಿರುಗುವಂತೆ ಒತ್ತಾಯಿಸುತ್ತದೆ. ಆ ಒತ್ತಾಯದ ಬೆಲೆಯನ್ನೆಲ್ಲ ತೆರುವುದು ಬೇರಿಂಗು. ಶಾಫ್ಟ್ ಎಷ್ಟೇ ದಪ್ಪವಾದರೂ ಆ ಬಲ ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಶಾಫ್ಟನ್ನು ತೆಳ್ಳಗೆ ಮಾಡಿದರೆ? ಅಂದಿನ ವಿದ್ವಾಂಸರ ತೀರ್ಪು ಅದಕ್ಕೂ ವಿರುದ್ಧವಾಗಿತ್ತು. ಪ್ರತಿಯೊಂದು ಶಾಫ್ಟಿಗೂ ಅದರ ಬಿಗಿತ ಮತ್ತು ಅದು ಹೊತ್ತ ತೂಕಕ್ಕೆ ತಕ್ಕಂತೆ ಒಂದು ಸಹಜ ಕಂಪನವಿರುತ್ತದೆ. ತಿರುಗುವ ವೇಗ ಆ ಕಂಪನಕ್ಕೆ ಸರಿಸಮವಾದಾಗ ಒದೆತಗಳು ಒಂದರ ಮೇಲೊಂದು ಕೂಡಿಕೊಂಡು ಶಾಫ್ಟು ಬಿಲ್ಲಿನಂತೆ ಬಾಗಿ ಭೋರಿಡುತ್ತದೆ. ಇದೇ ಕ್ರಿಟಿಕಲ್ ವೇಗ. ಗ್ಲಾಸ್ಗೋದ ಪ್ರಸಿದ್ಧ ಪ್ರಾಧ್ಯಾಪಕ ವಿಲಿಯಂ ರ‍್ಯಾಂಕಿನ್ 1869ರಲ್ಲಿ ಈ ವಿಷಯವಾಗಿ ಬರೆದು, ಆ ವೇಗವನ್ನು ಮೀರಿ ಶಾಫ್ಟನ್ನು ಓಡಿಸುವುದು ಸಾಧ್ಯವಿಲ್ಲವೆಂಬ ನಿಲುವಿಗೆ ಬಂದಿದ್ದರು. ಉಗಿ ಎಂಜಿನ್ನಿನ ಶಾಸ್ತ್ರಕ್ಕೇ ಅಡಿಪಾಯ ಹಾಕಿದವರು ಅವರು. ಅವರ ಮಾತನ್ನು ಮೀರುವವರು ಸುಲಭಕ್ಕೆ ಸಿಗುತ್ತಿರಲಿಲ್ಲ.

ಲಾವಲ್ ಮೀರಿದರು. ಚಕ್ರವನ್ನು ಹೊತ್ತ ಶಾಫ್ಟನ್ನು ಬೆರಳಿನಷ್ಟು ತೆಳ್ಳಗೆ, ಬಾಗುವಂತೆ ಮಾಡಿದರು. ಉಗಿ ಬಿಟ್ಟೊಡನೆ ಚಕ್ರ ಓಲಾಡಿತು. ವೇಗ ಏರಿದಂತೆ ಓಲಾಟ ಹೆಚ್ಚಿತು. ಕ್ರಿಟಿಕಲ್ ವೇಗದ ಬಳಿ ಇನ್ನೇನು ಕಿತ್ತುಹೋಗುವಂತೆ ನಡುಗಿತು. ಅದನ್ನು ದಾಟಿದ್ದೇ ತಡ, ಚಕ್ರ ತಾನಾಗಿ ನೆಲೆಗೊಂಡು ಶಾಂತವಾಗಿ ತಿರುಗತೊಡಗಿತು.

ಇದರೊಳಗಿನ ಗುಟ್ಟು ಹೀಗಿದೆ. ಕ್ರಿಟಿಕಲ್ ವೇಗಕ್ಕಿಂತ ಕೆಳಗೆ ಚಕ್ರದ ಭಾರದ ಮಗ್ಗುಲು ಹೊರಮುಖವಾಗಿದ್ದು ಶಾಫ್ಟನ್ನು ಹೊರಕ್ಕೆ ಬಾಗಿಸುತ್ತದೆ. ಆ ವೇಗವನ್ನು ದಾಟಿದ ಮೇಲೆ ಸ್ಥಾನ ಅದಲುಬದಲಾಗಿ ಭಾರದ ಮಗ್ಗುಲು ಒಳಮುಖವಾಗುತ್ತದೆ. ಚಕ್ರ ಹೆಚ್ಚುಕಡಿಮೆ ತನ್ನ ತೂಕದ ಕೇಂದ್ರದ ಸುತ್ತಲೇ ತಿರುಗುತ್ತದೆ. ಶಾಫ್ಟಿನ ನಡುಭಾಗ ಆ ಎಳ್ಳಷ್ಟು ಅಂತರದಲ್ಲಿ ಅದರ ಸುತ್ತ ಬಾಗಿಕೊಂಡು ಹೊಂದಿಕೊಳ್ಳುತ್ತದೆ. ಬೇರಿಂಗಿಗೆ ತಲುಪುವುದು ತೆಳ್ಳನೆಯ ಶಾಫ್ಟನ್ನು ಅಷ್ಟು ಬಾಗಿಸಲು ಬೇಕಾದ ಅಲ್ಪ ಬಲ ಮಾತ್ರ.

ಮೊಸರು ಕಡೆಯುವಾಗ ಕಂಬಕ್ಕೆ ಕಡೆಗೋಲನ್ನು ಹಗ್ಗದ ಸಡಿಲ ಕಣ್ಣಿಯಲ್ಲಿ ಸಿಕ್ಕಿಸುತ್ತಾರೆಯೇ ಹೊರತು ಬಿಗಿದು ಕಟ್ಟುವುದಿಲ್ಲ. ಕುರುಗೋಡು ಸೀಮೆಯ ಯಾವ ಅಜ್ಜಿಯೂ ಇದಕ್ಕೆ ಕಾರಣ ಕೇಳಿದವಳಲ್ಲ. ಬಿಗಿದರೆ ಕೋಲು ಕಂಬವನ್ನೇ ಗುದ್ದುತ್ತದೆಂಬುದು ಅವಳ ಕೈಗೆ ಗೊತ್ತಿರುತ್ತದೆ. ಎರಡೂ ಒಂದೇ ಅಲ್ಲವಾದರೂ ಹೋಲಿಕೆ ತೀರ ದೂರದ್ದೇನೂ ಅಲ್ಲ.

ಲಾವಲ್ ತಮ್ಮ ಟರ್ಬೈನನ್ನು ಕ್ರಿಟಿಕಲ್ ವೇಗದ ಸುಮಾರು ಏಳು ಪಟ್ಟು ವೇಗದಲ್ಲಿ ಓಡಿಸಿದರು. ಘರ್ಷಣೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಅಷ್ಟು ವೇಗದಲ್ಲಿ ಬೇರಿಂಗಿಗೆ ತಲುಪುವ ಬಲ ಬಿಗಿ ಶಾಫ್ಟಿನಲ್ಲಿ ಇರಬಹುದಾದದ್ದರ 48ರಲ್ಲಿ ಒಂದು ಪಾಲು. ಮೇಲೆ ಹೇಳಿದ ಎರಡು ಟನ್ನಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ ಉಳಿಯುವುದು ಸುಮಾರು 42 ಕಿಲೋ. ತೂಕದ ದೋಷವನ್ನು ಲಾವಲ್ ನಿವಾರಿಸಲಿಲ್ಲ. ಅದು ಬೇರಿಂಗನ್ನು ಮುಟ್ಟುವ ದಾರಿಯನ್ನು ಕಡಿದರು.

ಶಾಸ್ತ್ರ ಹಿಂದೆ ಬಂತು

ಯಂತ್ರ ಓಡುತ್ತಿತ್ತು, ಅದೇಕೆ ಓಡುತ್ತದೆಂಬುದಕ್ಕೆ ಗಣಿತದ ವಿವರಣೆ ಇರಲಿಲ್ಲ. 1894ರಲ್ಲಿ ಇಂಗ್ಲೆಂಡಿನ ಸ್ಟ್ಯಾನ್ಲಿ ಡಂಕರ್ಲಿ ಶಾಫ್ಟುಗಳ ಕ್ರಿಟಿಕಲ್ ವೇಗವನ್ನು ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. ಮರುವರ್ಷ ಜರ್ಮನಿಯ ಆಗಸ್ಟ್ ಫೋಪಲ್ ಲಾವಲ್ ಚಕ್ರ ಕ್ರಿಟಿಕಲ್ ವೇಗದಾಚೆ ಸ್ಥಿರವಾಗಿರುವುದೇಕೆಂದು ಗಣಿತದಿಂದ ತೋರಿಸಿದರು. ಆದರೂ ಇಂಗ್ಲಿಷ್ ಬಲ್ಲ ಜಗತ್ತು ಅದನ್ನು ಪೂರ್ತಿಯಾಗಿ ಒಪ್ಪಿದ್ದು 1919ರಲ್ಲಿ ಹೆನ್ರಿ ಜೆಫ್ಕಾಟ್ ಎಂಬುವರ ಪ್ರಬಂಧ ಬಂದ ಮೇಲೆ. ಅಷ್ಟರಲ್ಲಿ ಲಾವಲ್ ತೀರಿಕೊಂಡು ಆರು ವರ್ಷಗಳಾಗಿದ್ದವು.

ತೆಳ್ಳನೆಯ ಶಾಫ್ಟಿನ ನಡುವೆ ಒಂದು ಚಕ್ರವಿರುವ ಆ ಸರಳ ಮಾದರಿಯನ್ನು ಜರ್ಮನ್ ಗ್ರಂಥಗಳು ಇಂದಿಗೂ ಲಾವಲ್ ರೋಟರ್ ಎನ್ನುತ್ತವೆ. ಇಂಗ್ಲಿಷ್ ಪಠ್ಯಗಳಲ್ಲಿ ಅದು ಜೆಫ್ಕಾಟ್ ರೋಟರ್. ಇಂಗ್ಲಿಷಿನಲ್ಲೇ ಓದುವ ಬಳ್ಳಾರಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಲಾವಲ್ ಹೆಸರು ನಳಿಕೆಯ ಪಾಠದಲ್ಲಿ ಸಿಗುತ್ತದೆ, ಶಾಫ್ಟಿನ ಪಾಠದಲ್ಲಿ ಕಾಣೆಯಾಗುತ್ತದೆ. ಮೊದಲು ಓಡಿಸಿ ತೋರಿಸಿದವರಿಗೆ ಇದು ನ್ಯಾಯವೆನಿಸದು.

ದೋಷವನ್ನೇ ನಿವಾರಿಸುವ ಇನ್ನೊಂದು ದಾರಿಯೂ ಇದೇ ಕಾಲದಲ್ಲಿ ತೆರೆದುಕೊಂಡಿತು. ರೋಟರನ್ನು ಓಡಿಸಿಯೇ ಅದರ ಎರಡೂ ತುದಿಗಳ ಅಸಮತೋಲನವನ್ನು ಅಳೆಯುವ ಬ್ಯಾಲೆನ್ಸಿಂಗ್ ಯಂತ್ರವನ್ನು ಜರ್ಮನಿಯ ಫ್ರಾಂಜ್ ಲವಾಜೆಕ್ ರೂಪಿಸಿದರು. ಡಾರ್ಮ್‌ಸ್ಟಾಟ್ ನಗರದ ಕಾರ್ಲ್ ಶೆಂಕ್ ಕಂಪನಿ 20ನೇ ಶತಮಾನದ ಮೊದಲ ದಶಕದ ಕೊನೆಯ ವೇಳೆಗೆ ಅದನ್ನು ಕೈಗೆತ್ತಿಕೊಂಡಿತು.

ಗಳಿಸಿದ್ದೆಲ್ಲ ಸುರಿದರು

1890ರ ದಶಕ ಲಾವಲ್ ಬಾಳಿನ ಉತ್ತುಂಗ. 1886ರಲ್ಲೇ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆತಿತ್ತು. ದೇಶದ ಸಂಸತ್ತಿನಲ್ಲೂ ಅವರು ಸದಸ್ಯರಾಗಿದ್ದರು. 1893ರಲ್ಲಿ ಸ್ಟಾಕ್‌ಹೋಮಿನ ಹೊರವಲಯದ ಯಾರ್ಲಾದಲ್ಲಿ ಉಗಿ ಟರ್ಬೈನಿಗೆಂದೇ ಪ್ರತ್ಯೇಕ ಕಂಪನಿ ಹುಟ್ಟಿತು. ಅದೇ ವರ್ಷ ಅಮೆರಿಕದ ಷಿಕಾಗೊ ಜಾಗತಿಕ ಮೇಳದಲ್ಲಿ ಅವರ ಟರ್ಬೈನ್ ಪ್ರದರ್ಶನಗೊಂಡಿತು.

ಆದರೂ ದೊಡ್ಡ ವಿದ್ಯುತ್ ಸ್ಥಾವರಗಳು ಲಾವಲ್ ಟರ್ಬೈನನ್ನು ಒಪ್ಪಲಿಲ್ಲ. ಒಂದೇ ಚಕ್ರದಲ್ಲಿ ಉಗಿಯ ಶಕ್ತಿಯನ್ನೆಲ್ಲ ಹೀರುವ ಯಂತ್ರಕ್ಕೆ ವೇಗ ಅತಿಯಾಗುತ್ತದೆ. ಅದನ್ನು ಜನರೇಟರಿಗೆ ತಕ್ಕಂತೆ ಹತ್ತನೆಯ ಒಂದು ಭಾಗಕ್ಕೆ ಇಳಿಸಲು ಹಲ್ಲುಚಕ್ರಗಳು ಬೇಕು. ಕೆಲವು ನೂರು ಅಶ್ವಶಕ್ತಿಯಾಚೆಗೆ ಅದು ಹೊಂದಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ತೋರಿಸಿದ ದಾರಿ ಬೇರೆ. ಉಗಿಯ ಒತ್ತಡವನ್ನು ಒಂದೇ ಏಟಿಗೆ ಬಿಡದೆ, ಹಲವು ಸಾಲು ಬ್ಲೇಡುಗಳಲ್ಲಿ ಹಂತಹಂತವಾಗಿ ಇಳಿಸುವುದು. ದೊಡ್ಡ ಸ್ಥಾವರಗಳು ಹಿಡಿದದ್ದು ಈ ಹಾದಿಯನ್ನು.

ಲಾವಲ್ ಒಂದೆಡೆ ನಿಲ್ಲುವ ಜೀವವಲ್ಲ. ಒಂದು ಯಂತ್ರ ಲಾಭ ತರುವ ಹೊತ್ತಿಗೆ ಅವರ ಮನಸ್ಸು ಮುಂದಿನ ಮೂರು ಯಂತ್ರಗಳ ಮೇಲಿರುತ್ತಿತ್ತು. ಟಿಪ್ಪಣಿ ಪುಸ್ತಕಗಳನ್ನು ತುಂಬಿಸುತ್ತಲೇ ಹೋದರು. ಅವರ ಹೆಸರಿನಲ್ಲಿ 92 ಸ್ವೀಡಿಷ್ ಪೇಟೆಂಟುಗಳಿವೆ; ಸ್ಥಾಪಿಸಿದ ಕಂಪನಿಗಳು 37. ಸೆಪರೇಟರ್ ಕಂಪನಿಯಿಂದ ಬಂದ ಹಣವನ್ನು ಹಾಲು ಕರೆಯುವ ಯಂತ್ರಕ್ಕೆ, ಟ್ರೊಲ್‌ಹೆಟ್ಟನ್ ಜಲಪಾತದ ವಿದ್ಯುತ್ತಿನಿಂದ ಸತು ಕರಗಿಸುವ ಉದ್ಯಮಕ್ಕೆ, ಇನ್ನೂ ಹತ್ತಾರು ಪ್ರಯೋಗಗಳಿಗೆ ಸುರಿದರು. ಬಹುಪಾಲು ಕೈಹಿಡಿಯಲಿಲ್ಲ. ಸೆಪರೇಟರ್ ಕಂಪನಿ ದೇಶವಿದೇಶಗಳಲ್ಲಿ ಬೆಳೆಯುತ್ತಿದ್ದರೆ ಅದನ್ನು ಹುಟ್ಟುಹಾಕಿದವರು ಸಾಲದೊಳಗೆ ಇಳಿಯುತ್ತಿದ್ದರು.

1913ರ ಫೆಬ್ರವರಿ 2ರಂದು ಸ್ಟಾಕ್‌ಹೋಮಿನಲ್ಲಿ ಲಾವಲ್ ಕೊನೆಯುಸಿರೆಳೆದರು. ಅವರಿಗೆ 67 ವರ್ಷ. ಕ್ಯಾನ್ಸರ್ ಅವರನ್ನು ಕಾಡಿತ್ತು. ಒಂದು ಕಾಲಕ್ಕೆ ಸ್ವೀಡನ್ನಿನ ಪ್ರಮುಖ ಉದ್ಯಮಿಗಳಲ್ಲಿ ಒಬ್ಬರಾಗಿದ್ದವರ ಬಳಿ ಆಸ್ತಿಯೆಂಬುದು ಉಳಿದಿರಲಿಲ್ಲ. ಅವರು ವರ್ಷಗಟ್ಟಲೆ ಹಣ ಸುರಿದಿದ್ದ ಹಾಲು ಕರೆಯುವ ಯಂತ್ರ ಅವರ ಕಂಪನಿಯಿಂದ ಮಾರುಕಟ್ಟೆಗೆ ಬಂದದ್ದು ಅವರು ತೀರಿಕೊಂಡ ಐದು ವರ್ಷಗಳ ಬಳಿಕ, 1918ರಲ್ಲಿ.

ಕುಡಿತಿನಿಯಲ್ಲಿ, ಗಿರಣಿಯಲ್ಲಿ, ಡೈರಿಯಲ್ಲಿ

ಬಳ್ಳಾರಿಯಿಂದ ಹೊಸಪೇಟೆಯತ್ತ ಹೊರಟರೆ ಕುಡಿತಿನಿಯ ಬಳಿ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. 500, 500 ಮತ್ತು 700 ಮೆಗಾವ್ಯಾಟಿನ ಮೂರು ಘಟಕಗಳು, ಒಟ್ಟು 1700 ಮೆಗಾವ್ಯಾಟ್. ಉಗಿ ಟರ್ಬೈನುಗಳು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಮಾತ್ರ ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ ಹುಟ್ಟುತ್ತದೆ. ಇಷ್ಟು ದೊಡ್ಡ ಯಂತ್ರದ ರೋಟರುಗಳು ಹತ್ತಾರು ಟನ್ ತೂಗುತ್ತವೆ. 50 ಟನ್ನಿನ ರೋಟರಿನ ತೂಕದ ಕೇಂದ್ರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸರಿದಿದ್ದರೂ 3000 ಸುತ್ತಿನಲ್ಲಿ ಹುಟ್ಟುವ ಎಳೆತ ಸುಮಾರು 5 ಟನ್. ಇಂತಹ ಉದ್ದನೆಯ ರೋಟರುಗಳ ಮೊದಲ ಕ್ರಿಟಿಕಲ್ ವೇಗ ಸಾಮಾನ್ಯವಾಗಿ 3000ಕ್ಕಿಂತ ಕೆಳಗೇ ಇರುತ್ತದೆ. ಆದ್ದರಿಂದ ಟರ್ಬೈನ್ ಚಾಲೂ ಮಾಡುವಾಗ ಆ ವೇಗದ ಬಳಿ ತಡೆಯದೆ ಚುರುಕಾಗಿ ದಾಟಿಸಬೇಕು. ಪ್ರತಿ ಬೇರಿಂಗಿನ ಬಳಿಯೂ ಕಂಪನ ಅಳೆಯುವ ಸಂವೇದಕಗಳಿದ್ದು, ಮಿತಿ ಮೀರಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಚಕ್ರಗಳ ಜೋಡಣೆ ಪಾರ್ಸನ್ಸ್ ತೋರಿದ ಹಾದಿಯದು. ಕ್ರಿಟಿಕಲ್ ವೇಗವನ್ನು ದಾಟಿ ಆಚೆ ನೆಲೆಸುವ ಧೈರ್ಯ ಲಾವಲ್ ಅವರದು.

ಸಿರುಗುಪ್ಪದ ಗಿರಣಿಯ ಬ್ಲೋವರಿಗೆ ಮಾತ್ರ ಲಾವಲ್ ಮದ್ದು ಸಲ್ಲದು. ಅದರ ಶಾಫ್ಟು ಸಾಮಾನ್ಯವಾಗಿ ಕ್ರಿಟಿಕಲ್ ವೇಗಕ್ಕಿಂತ ಸಾಕಷ್ಟು ಕೆಳಗೇ ಓಡುವಂತಹುದು. ತೆಳ್ಳಗೆ ಮಾಡಿದರೆ ಅಪಾಯ ಹತ್ತಿರವಾಗುತ್ತದೆಯೇ ಹೊರತು ದೂರವಾಗುವುದಿಲ್ಲ. ದಪ್ಪ ಮಾಡಿದರೂ ಬೇರಿಂಗಿನ ಒದೆತ ಕಡಿಮೆಯಾಗದು. ಅಲ್ಲಿ ಉಳಿಯುವ ದಾರಿಯೆಂದರೆ ರೆಕ್ಕೆಗಳ ಧೂಳು ತೆಗೆಯುವುದು, ಸವೆದ ರೆಕ್ಕೆ ಬದಲಿಸುವುದು, ಬಳಿಕ ಫ್ಯಾನನ್ನು ಓಡಿಸಿ ಕಂಪನ ಅಳೆದು ಹಗುರವಾದ ಮಗ್ಗುಲಿಗೆ ಬೇಕಾದಷ್ಟೇ ಗ್ರಾಂ ತೂಕ ಸೇರಿಸುವುದು. ಬೇರಿಂಗ್ ಬದಲಿಸುವ ಖರ್ಚು ಅದಾದ ಮೇಲಿನ ಮಾತು.

ಇನ್ನು ಲಾವಲ್ ಹೊರಟ ಕಡೆಗೇ ಮರಳಿದರೆ, ಕುರುಗೋಡು ಸೀಮೆಯ ಹಾಲು ಸೇರುವ ರಾಬಕೋವಿಯಂತಹ ಒಕ್ಕೂಟಗಳ ಡೈರಿಗಳಲ್ಲಿ ಕೆನೆ ತೆಗೆಯುವುದು ಸೆಪರೇಟರುಗಳೇ. ಅವುಗಳ ತಿರುಗುವ ಪಾತ್ರೆಯೊಳಗೆ ಹತ್ತಾರು ತೆಳು ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಪಾತ್ರೆಯನ್ನು ಹೊತ್ತ ಶಾಫ್ಟಿನ ಮೇಲಿನ ಬೇರಿಂಗಿಗೆ ಸ್ಪ್ರಿಂಗಿನ ಆಸರೆಯಿರುತ್ತದೆ. ಅತ್ತಿತ್ತ ಸ್ವಲ್ಪ ಸರಿಯಲು ಅದಕ್ಕೆ ಬಿಡುವು ಬೇಕು. ಪಾತ್ರೆ ಮತ್ತು ತಟ್ಟೆಗಳನ್ನು ಕಾರ್ಖಾನೆಯಲ್ಲೇ ಒಟ್ಟಾಗಿ ಓಡಿಸಿ ತೂಕ ಸರಿದೂಗಿಸಲಾಗಿರುತ್ತದೆ. ಆ ಕಾರಣದಿಂದ ತೊಳೆಯಲು ಬಿಚ್ಚಿದ ತಟ್ಟೆಗಳನ್ನು ಅವುಗಳ ಮೇಲೆ ಕೊರೆದ ಅಂಕಿಯ ಕ್ರಮದಲ್ಲೇ ಮತ್ತೆ ಜೋಡಿಸಬೇಕು. ಒಂದು ಯಂತ್ರದ ತಟ್ಟೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಮುಚ್ಚಳದ ಗುರುತು ಪಾತ್ರೆಯ ಗುರುತಿಗೆ ಸರಿಯಾಗಿ ಕೂಡಿದ ಮೇಲೆಯೇ ಸ್ವಿಚ್ ಒತ್ತುವುದು.